ನೆಗೆಣ್ಣಿಯ ಕೀಲಿನುಡಿ

ಧಾರವಾಡದ ಜಲಕೇಂದ್ರದಲ್ಲಿ ಬೆಳಿಗ್ಗೆ ನೀರು ಬಿಡಬೇಕೆಂದರೆ ಏಳು ಹೆಂಗಸರು ಬಾಯಿ ತೆರೆಯಬೇಕು. ಒಬ್ಬೊಬ್ಬರಾಗಿ ಗಾಜಿನ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ಮೈಕಿನ ಮುಂದೆ ತಮ್ಮ ತಮ್ಮ ಕೀಲಿನುಡಿ ಹೇಳಬೇಕು. ಏಳೂ ಸರಿಯಾದರೆ ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಊರಿನ ಕೊಳವೆಗಳೆಲ್ಲ ಕೆಂಪಿನಿಂದ ಹಸಿರಿಗೆ ತಿರುಗುತ್ತವೆ, ವಾಲ್ವುಗಳು ತೆರೆದುಕೊಳ್ಳುತ್ತವೆ. ಒಬ್ಬಳು ಒಂದು ಪದ ತಪ್ಪಿದರೂ ಊರೆಲ್ಲ ಕೊಡ ಹಿಡಿದು ಕಾಯಬೇಕು.

ಏಳನೆಯವಳು ದಾಕ್ಷಾಯಣಿ. ಈ ಬೀಗವನ್ನು ಕಟ್ಟಿದವಳೂ ಅವಳೇ. ಉಳಿದ ಆರು ಮಂದಿ ಮುಗಿಸಿ ಹೊರಬಂದ ಮೇಲೆ ಅವಳು ಒಳಗೆ ಹೋಗುತ್ತಿದ್ದಳು. ಸೆರಗು ಸರಿಮಾಡಿಕೊಂಡು, ಗಂಟಲು ಕೆಮ್ಮಿ, ಮೂರು ವರ್ಷದಿಂದ ದಿನವೂ ಇದನ್ನೇ ಹೇಳುತ್ತಿದ್ದಳು:

"ಕಾಸಿದ ಹಾಲ ಆರಾಕಿಟ್ಟು ನಾ ಹಿಂದ ತಿರುಗೂದ್ರಾಗ
ಕೆನಿ ತಿಂದು ಹೋದಾಕಿ ಕಸ್ತೂರಿ ಕುಂತಾಳ ನನ್ನ ಎದ್ಯಾಗ."

ಕಸ್ತೂರಿ ಅವಳ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ. ಒಂದೇ ಮನೆ, ಒಂದೇ ಅಡುಗೆಮನೆ, ಇಬ್ಬರಿಗೂ ಒಬ್ಬಳೇ ಅತ್ತೆ. ಬೇರೆ ಹೆಂಗಸರು ಹೊಟ್ಟೆಕಿಚ್ಚನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಸುಮ್ಮನಿರುತ್ತಾರೆ. ದಾಕ್ಷಾಯಣಿ ಅದನ್ನು ಹೇಳಿ ಊರಿಗೆ ನೀರು ಬಿಡುತ್ತಿದ್ದಳು.

ಇಂಥ ವಿಚಿತ್ರ ಬೀಗ ಯಾಕೆ ಬೇಕಾಯಿತು ಎಂದರೆ, ಹಳೆಯ ಬೀಗಗಳೆಲ್ಲ ಒಡೆದುಹೋಗಿದ್ದವು. ಅವು ನಿಂತಿದ್ದದ್ದು ಒಂದೇ ನಂಬಿಕೆಯ ಮೇಲೆ. ಎರಡು ಭಾರಿ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸುವುದು ಸುಲಭ. ಗುಣಲಬ್ಧವನ್ನಷ್ಟೇ ಕೊಟ್ಟು ಆ ಎರಡನ್ನು ಹುಡುಕು ಎಂದರೆ ಸಾಮಾನ್ಯ ಕಂಪ್ಯೂಟರಿಗೆ ಯುಗಗಳು ಸಾಲವು. ಕ್ವಾಂಟಮ್ ಯಂತ್ರ ಆ ಹಾದಿಗೇ ಹೋಗಲಿಲ್ಲ. ಬೇರೊಂದು ಸಂಖ್ಯೆಯನ್ನು ಅದರಿಂದಲೇ ಗುಣಿಸುತ್ತ ಹೋಗಿ, ಪ್ರತಿ ಸಲ ಆ ಗುಣಲಬ್ಧದಿಂದ ಭಾಗಿಸಿದರೆ ಉಳಿಯುವ ಶೇಷ ಎಷ್ಟು ಹೆಜ್ಜೆಗೊಮ್ಮೆ ಮೊದಲಿನ ಜಾಗಕ್ಕೆ ಮರಳಿ ಬರುತ್ತದೆ ಎಂಬ ಆವರ್ತವನ್ನು ಹಿಡಿದುಬಿಟ್ಟಿತು. ಆವರ್ತ ಸಿಕ್ಕ ಮೇಲೆ ಸಂಖ್ಯೆಗಳು ತಾವಾಗಿ ಬಿಚ್ಚಿಕೊಂಡವು. ಆ ವರ್ಷ ಬ್ಯಾಂಕುಗಳು ಬಾಗಿಲು ಹಾಕಿದವು. ಜನ ಫೋನಿನಲ್ಲಿ ಬಂದ ಮಗನ ಮಾತನ್ನೂ ನಂಬದೆ, "ಮನಿಗೆ ಬಂದು ಮುಖಾ ತೋರಿಸಿ ಹೇಳು" ಎನ್ನತೊಡಗಿದರು. ಯಾರೋ ಕಿಡಿಗೇಡಿಗಳು ಒಂದು ಊರಿನ ನೀರಿನ ತೊಟ್ಟಿಯ ಕವಾಟಗಳನ್ನು ದೂರದಿಂದಲೇ ತೆರೆದು, ಮೂರು ಓಣಿಗಳನ್ನು ಮುಳುಗಿಸಿದರು.

ಹೊಸ ಬೀಗಗಳು ಆಮೇಲೆ ಬಂದವು. ಅವುಗಳ ಗುಟ್ಟು ತಪ್ಪು. ಸಾವಿರಾರು ಸಮೀಕರಣಗಳಲ್ಲಿ ಬೇಕೆಂದೇ ಸಣ್ಣ ಸಣ್ಣ ತಪ್ಪುಗಳನ್ನು ಬೆರೆಸಿಡುತ್ತಾರೆ. ಕೀಲಿ ಇದ್ದವರು ಆ ತಪ್ಪುಗಳನ್ನು ತೆಗೆದುಹಾಕಿ ಉತ್ತರ ಓದುತ್ತಾರೆ. ಇಲ್ಲದವರು ಎಂಥ ಯಂತ್ರ ತಂದರೂ ದಾರಿ ತಪ್ಪುತ್ತಾರೆ, ಯಾಕೆಂದರೆ ಅಲ್ಲಿ ಹಿಡಿಯಲು ಆವರ್ತವೇ ಇಲ್ಲ. ಇದು ಜಗತ್ತಿಗೆಲ್ಲ ಗೊತ್ತಿದ್ದ ವಿದ್ಯೆ. ದಾಕ್ಷಾಯಣಿ ಸೇರಿಸಿದ್ದು ಒಂದೇ ಸಂಗತಿ: ಕೀಲಿಯನ್ನು ಎಲ್ಲಿಯೂ ಇಡಬಾರದು. ಯಂತ್ರದಲ್ಲಿ ಇಟ್ಟದ್ದನ್ನು ಕದಿಯಬಹುದು, ಕಾಗದದ ಮೇಲೆ ಬರೆದದ್ದನ್ನೂ ಕದಿಯಬಹುದು. ಮನುಷ್ಯರ ನೆನಪಿನಲ್ಲಿದ್ದ ನುಡಿಯಿಂದ ಕೀಲಿ ಹುಟ್ಟಬೇಕು, ಕೆಲಸ ಮುಗಿಸಿ ಆ ಕ್ಷಣವೇ ಅಳಿಯಬೇಕು.

ಕೇಂದ್ರದ ಹೆಂಗಸರಿಗೆ ಅವಳು ಅಂದು ಹೇಳಿದ್ದಿಷ್ಟು: "ಸಾಯೂತನಕ ಮರೀಲಾರದ್ದು ನಿಮಗ ಯಾವದೈತಿ, ಅದನ್ನ ಇಡ್ರಿ. ಹನ್ನೆರಡು ಪದಕ್ಕ ಕಡಿಮಿ ಇರಬಾರದು. ನನಗೂ ಹೇಳಬ್ಯಾಡ್ರಿ, ದೇವರಿಗೂ ಹೇಳಬ್ಯಾಡ್ರಿ."

ಅವರು ಹೇಳಲಿಲ್ಲ. ಬೀಗ ಮೂರು ವರ್ಷ ಗಟ್ಟಿಯಾಗಿ ನಿಂತಿತು. ಈಗ ರಾಜ್ಯದ ಎಲ್ಲ ಜಲಕೇಂದ್ರಗಳಿಗೂ ಆಸ್ಪತ್ರೆಗಳಿಗೂ ಅದನ್ನೇ ಹಾಕುವ ಮಾತು ನಡೆದಿತ್ತು. ಸಮಿತಿಯೊಂದು ನೇಮಕವಾಗಿ, ಅದರ ಅಧ್ಯಕ್ಷರಾದ ಡಾ. ಇನಾಮದಾರ ಒಂದು ಷರತ್ತು ಹಾಕಿದರು. ಮೊದಲು ಒಂದು ಪರೀಕ್ಷಾ ದಾಳಿ ನಡೆಯಬೇಕು. ಅದು ಮುಗಿಯುವ ತನಕ ಯಾರೂ ತಮ್ಮ ನುಡಿಯನ್ನು ಬದಲಿಸುವಂತಿಲ್ಲ. ಬೀಗ ನಿಂತರೆ ಅದಕ್ಕೆ 'ದಾಕ್ಷಾಯಣಿ ವಿಧಾನ' ಎಂದೇ ಹೆಸರು. ಬಿದ್ದರೆ ಅವಳ ಇಪ್ಪತ್ತು ವರ್ಷದ ದುಡಿಮೆ ಇನ್ನೊಬ್ಬರ ಪ್ರಬಂಧದಲ್ಲಿ ಒಂದು ಉದಾಹರಣೆಯಾಗಿ ಉಳಿಯುತ್ತದೆ.

ಆ ಇನ್ನೊಬ್ಬರು ಯಾರೆಂದು ಬೇರೆ ಹೇಳಬೇಕಾಗಿಲ್ಲ. ದಾಳಿ ನಡೆಸುವ ಕೆಲಸ ಕ್ವಾಂಟಮ್ ಸಂಸ್ಥೆಯದು, ಆ ತಂಡದ ಮುಖ್ಯಸ್ಥೆ ಕಸ್ತೂರಿ.

ಪರೀಕ್ಷೆಯ ವಿಷಯ ಮನೆಯಲ್ಲಿ ಎತ್ತಬಾರದೆಂದು ಇಬ್ಬರೂ ಸಮಿತಿಗೆ ಮಾತು ಕೊಟ್ಟಿದ್ದರು. ಆದರೆ ಅತ್ತೆ ನೀಲವ್ವ ಯಾರಿಗೂ ಯಾವ ಮಾತನ್ನೂ ಕೊಟ್ಟಿರಲಿಲ್ಲ. ಒಂದು ರವಿವಾರ ಅವಳು ಪಡಸಾಲೆಯಲ್ಲಿ ಕೂತು ಜೋಳ ಹಸನು ಮಾಡುತ್ತ, "ಕಸ್ತೂರಿ, ನಿನ್ನ ಮಷೀನು ಏನ್ ಮಾಡ್ತೈತಿ, ನನಗೂ ತಿಳಿಯೂಹಂಗ ಹೇಳವಾ" ಎಂದಳು. ದಾಕ್ಷಾಯಣಿ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಅವಳ ಕೈ ತಾನಾಗಿಯೇ ಮೆಲ್ಲಗಾಯಿತು.

ಕಸ್ತೂರಿ ಅತ್ತೆಯ ಕೈಯಿಂದ ಜೋಳ ಕೇರುವ ಮರ ಇಸಿದುಕೊಂಡಳು. "ನೋಡ್ರಿ ಅತ್ತಿ, ಇದರಾಗ ಹತ್ತು ಸಾವಿರ ಕಾಳು, ಒಂದ ಕಲ್ಲಿನ ಹಳ್ಳು ಐತಿ ಅನ್ಕೋರಿ. ಒಂದೊಂದ ಕಾಳು ಆರಿಸ್ಕೋಂತ ಕುಂತ್ರ ಸಂಜಿ ಆಕ್ಕೈತಿ. ನನ್ನ ಮಷೀನು ಎಲ್ಲಾ ಕಾಳನೂ ಕೂಡೇ ಕೇರತೈತಿ. ಒಂದ ಸಲ ಕೇರಿದ್ರ ಹಳ್ಳು ಒಂದೀಟು ಮುಂದ ಬರತೈತಿ, ಕಾಳು ಒಂದೀಟು ಹಿಂದ ಸರೀತಾವ. ನೂರು ಸಲ ಕೇರೂದ್ರೊಳಗ ಹಳ್ಳು ಅಂಚಿಗೆ ಬಂದು ನಿಂತಿರತೈತಿ."

"ಮತ್ತ ಕೇರಿದ್ರ?"

"ಮತ್ತ ಕೇರಿದ್ರ ವಾಪಸ್ ಕಾಳಿನೊಳಗ ಹೊಕ್ಕೊಂಡ ಬಿಡತೈತ್ರಿ. ಎಲ್ಲಿ ನಿಲ್ಲಿಸಬೇಕು ಅನ್ನೂದು ಗೊತ್ತಿರಬೇಕು. ಅದ ನನ್ನ ಕೆಲಸ."

ನೀಲವ್ವ ಕೈ ತಟ್ಟಿ ನಕ್ಕಳು. "ಅಯ್ಯ ನನ್ನವ್ವಾ, ಇಷ್ಟೇನು! ದಾಕ್ಷಾಯಣಿ ಬಂದ ಇಪ್ಪತ್ತು ವರ್ಷ ಆತು, ಆಕಿ ಏನ್ ಕೆಲಸಾ ಮಾಡ್ತಾಳ ಅಂತ ಮಂದಿ ಕೇಳಿದ್ರ 'ಅದೇನೋ ಕಂಪ್ಯೂಟರ್ ಅಂತ' ಅಂತಿದ್ದೆ. ನೀ ಒಂದ ಮರದಾಗ ತಿಳಿಸಿಬಿಟ್ಟೆಲ್ಲ!"

ರೊಟ್ಟಿ ಸೀದಿತು. ದಾಕ್ಷಾಯಣಿಗೆ ತಡೆಯಲಾಗಲಿಲ್ಲ. ಹಿಟ್ಟಿನ ಕೈಯಲ್ಲೇ ಹೊರಗೆ ಬಂದು, "ಹನ್ನೆರಡು ಪದದ ನುಡಿ ಆದ್ರ ನಿನ್ನ ಮರ ಸಾಲೂದಿಲ್ಲವಾ" ಎಂದಳು.

"ಖರೇರಿ ಅಕ್ಕಾರ," ಎಂದಳು ಕಸ್ತೂರಿ, ಕೊಂಕಿಲ್ಲದೆ. "ಯಾವ ಪದಾ ಬೇಕಾದ್ರೂ ಇರಬಹುದು ಅಂದ್ರ ಭೂಮಿ ಮ್ಯಾಲಿನ ಕಾಳೆಲ್ಲಾ ಕೇರಬೇಕಾಕ್ಕೈತಿ. ಅದು ಆಗೂದಲ್ಲ. ರಾಶಿ ಸಣ್ಣದಾದ್ರ ಮಾತ್ರ ನನ್ನ ಆಟ."

ಅವಳ ಈ ಗುಣವೇ ದಾಕ್ಷಾಯಣಿಯನ್ನು ಹೆಚ್ಚು ಸುಡುತ್ತಿದ್ದುದು. ಜಗಳಕ್ಕೆ ಹೋದರೆ ಕಸ್ತೂರಿ ಒಪ್ಪಿಕೊಂಡುಬಿಡುತ್ತಾಳೆ. ಬೈಯಲು ಒಂದು ಕಾರಣವನ್ನಾದರೂ ಕೊಡಬಾರದೇ? ಅವಳು ಮಾಡಿದ ಎಣ್ಣೆಗಾಯಿ ಅತ್ತೆಗೆ ಹಿಡಿಸಿತು. ಅವಳು ಬಂದ ವರ್ಷವೇ ಪತ್ರಿಕೆಗಳಲ್ಲಿ ಅವಳ ಫೋಟೋ ಬಂತು. ದಾಕ್ಷಾಯಣಿಯ ಗಂಡ ಚನ್ನವೀರ, ತನ್ನ ಹೆಂಡತಿಯ ಒಂದು ಲೇಖನವನ್ನೂ ಪೂರ್ತಿ ಓದಿರದ ಮಹಾಶಯ, ಆ ಫೋಟೋ ಕತ್ತರಿಸಿ ಫ್ರಿಜ್ಜಿಗೆ ಅಂಟಿಸಿದ. ಹಾಲು ತೆಗೆಯಲು ಹೋದಾಗಲೆಲ್ಲ ಕಸ್ತೂರಿ ನಗುತ್ತಿದ್ದಳು. ಜಲಕೇಂದ್ರಕ್ಕೆ ತನ್ನ ನುಡಿ ಇಡಬೇಕಾಗಿ ಬಂದದ್ದು ಅದೇ ವಾರ. ಮರೆಯಲಾರದ್ದು ಯಾವುದೆಂದು ಹುಡುಕಿದಾಗ, ದಾಕ್ಷಾಯಣಿಯ ಬಾಯಿಗೆ ಆ ಹಾಲಿನ ಪದ ತಾನಾಗಿ ಕಟ್ಟಿಕೊಂಡು ಬಂದಿತ್ತು.

ಕೇಂದ್ರದಲ್ಲಿ ಮೊದಲ ಕೀಲಿಯವಳು ಸಾವಕ್ಕ. ಅವಳ ಮಗಳ ಕುಬಸಕ್ಕೆ ಎಲ್ಲರಿಗೂ ಕರೆ ಬಂದಿತ್ತು, ನೆಗೆಣ್ಣಿಯರಿಬ್ಬರಿಗೂ. ಬಸುರಿಗೆ ಹಸಿರು ಸೀರೆ ಉಡಿಸಿ, ಆರತಿ ಬೆಳಗಿ, ಊಟಕ್ಕೆ ಕೂತ ಮೇಲೆ ಒಡಪಿನ ಗಲಾಟೆ ಶುರುವಾಯಿತು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದೆಂಬ ಕಟ್ಟಳೆ ಸತ್ತು ಎಷ್ಟೋ ಕಾಲವಾಗಿದೆ. ಈಗಿನವರು ಗಂಡನನ್ನು ಹೆಸರು ಹಿಡಿದೇ ಕೂಗುತ್ತಾರೆ. ಆದರೂ ಕುಬಸದಲ್ಲಿ, ಮದುವೆಯಲ್ಲಿ, ಆ ಹೆಸರನ್ನು ಎರಡು ಸಾಲಿನ ಪ್ರಾಸದಲ್ಲಿ ಕೂಡಿಸಿ ಹೇಳುವ ತನಕ ಈ ಕಡೆಯ ಹೆಂಗಸರು ಯಾರನ್ನೂ ಬಿಡುವುದಿಲ್ಲ.

"ಸಾವಕ್ಕಾ, ಮೊದಲ ನೀ!" ಎಂದು ಕೂಗಿದರು.

ಸಾವಕ್ಕ ಉತ್ಸಾಹದಿಂದ ಎದ್ದು, "ಹೊಳಿ ದಂಡ್ಯಾಗ..." ಎಂದವಳೇ ಬಾಯಿಗೆ ಸೆರಗು ಒತ್ತಿಕೊಂಡಳು. "ಅಯ್ಯಯ್ಯ, ಅದನ್ನ ಹೇಳಂಗಿಲ್ಲ! ಅದು ನೀರಿಂದು!"

"ನಂದೂ ಹೇಳಂಗಿಲ್ಲ ಮತ್ತ!" ಎಂದು ಮೂರನೆಯ ಕೀಲಿಯವಳು ಮೂಲೆಯಿಂದ ಕೂಗಿದಳು. "ನಮ್ಮ ಯಜಮಾನ್ರನ್ನ ನೀರಿಗೆ ಹಾಕೀನಿ!"

ಹೆಂಗಸರು ಬಿದ್ದು ಬಿದ್ದು ನಕ್ಕರು. ಸಾವಕ್ಕ ಬೇರೊಂದು ಒಡಪು ನೆನಪಿಸಿಕೊಂಡು, "ಕಡ್ಲಿ ಹೊಲದಾಗ ಬೆಳದಿಂಗಳ ಬಿದ್ದೈತಿ, ಗಿರಿಮಲ್ಲಪ್ಪನ ಹೆಸರ ಹೇಳಾಕ ನಾಚಿಕಿ ಬಂದೈತಿ" ಎಂದು ಮುಗಿಸಿದಳು.

ದಾಕ್ಷಾಯಣಿ ನಗಲಿಲ್ಲ. ಹನ್ನೆರಡು ಪದ, ಸಾಯುವ ತನಕ ಮರೆಯಬಾರದು, ಎಲ್ಲಿಯೂ ಬರೆಯಬಾರದು ಎಂದರೆ ಈ ಊರಿನ ಹೆಂಗಸು ಇನ್ನೇನು ಇಡುತ್ತಾಳೆ? ಮದುವೆಯ ದಿನ ಬಾಯಿಪಾಠ ಮಾಡಿದ ಒಡಪನ್ನೇ ಇಡುತ್ತಾಳೆ. ಒಡಪಿನ ಅಚ್ಚುಗಳು ನೂರಾರಿರಬಹುದು, ಆದರೆ ಭೂಮಿಯ ಮೇಲಿನ ಕಾಳಿನಷ್ಟಿಲ್ಲ. ಕೊನೆಯಲ್ಲಿ ಪ್ರಾಸ ಇರಲೇಬೇಕು, ನಡುವೆ ಗಂಡನ ಹೆಸರು ಇರಲೇಬೇಕು. ಅವಳು ತಲೆ ಎತ್ತಿ ಎದುರು ಸಾಲಿನಲ್ಲಿ ಕೂತಿದ್ದ ಕಸ್ತೂರಿಯನ್ನು ನೋಡಿದಳು. ಕಸ್ತೂರಿಯ ಹೋಳಿಗೆ ಹಿಡಿದ ಕೈ ತಟ್ಟೆಗೂ ಬಾಯಿಗೂ ನಡುವೆ ನಿಂತುಬಿಟ್ಟಿತ್ತು.

ಆಮೇಲೆ ಕಸ್ತೂರಿಯ ಸರದಿ ಬಂತು, ಅವಳು ಚೆಂದದ ಒಡಪು ಹೇಳಿದಳು, ಎಲ್ಲರೂ ಚಪ್ಪಾಳೆ ತಟ್ಟಿದರು. ದಾಕ್ಷಾಯಣಿ ಮಾತ್ರ ನನಗೆ ಬರುವುದಿಲ್ಲ ಎಂದಳು. "ಅಷ್ಟ ದೊಡ್ಡ ಸೈಂಟಿಸ್ಟ್ ಅದೀರಿ, ಚನ್ನವೀರಪ್ಪಗ ಒಂದ ಒಡಪ ಕಟ್ಟಾಕ ಆಗಲಿಲ್ಲೇನ್ರಿ?" ಎಂದು ಯಾರೋ ಚುಡಾಯಿಸಿದರು.

ಮರಳುವಾಗ ಇಬ್ಬರೂ ಒಂದೇ ಆಟೋ ಹತ್ತಿದರು.

"ಏನ್ ಕೇಳಿದಿ ನೀ ಅಲ್ಲೆ?" ಎಂದು ದಾಕ್ಷಾಯಣಿ ಕೇಳಿದಳು.

"ಎಲ್ಲಾರೂ ಕೇಳಿದ್ದನ್ನ ಕೇಳೀನ್ರಿ ಅಕ್ಕಾರ."

ಅದು ನಿಜವೇ. ದಾಕ್ಷಾಯಣಿ ಆ ಹೆಂಗಸರ ಜೊತೆ ಮೂರು ವರ್ಷ ಚಹಾ ಕುಡಿದಿದ್ದಳು, ಅವರ ಮನೆಯ ಮದುವೆಗಳಲ್ಲಿ ಅವರ ಒಡಪುಗಳನ್ನು ಕೇಳಿ ನಕ್ಕಿದ್ದಳು. ಆಗೊಮ್ಮೆಯೂ ಹೊಳೆಯದ್ದು ಇವಳಿಗೆ ಒಂದು ತುತ್ತು ಹೋಳಿಗೆ ತಿನ್ನುವುದರೊಳಗೆ ಹೊಳೆದಿತ್ತು. ಸಮಿತಿಗೆ ಫೋನು ಮಾಡಿ, ದಾಳಿ ನಿಲ್ಲಿಸಿ, ನುಡಿಗಳಲ್ಲಿ ದೋಷವಿದೆ ಎಂದು ಹೇಳಬಹುದಿತ್ತು. ಹೇಳಿದರೆ ಆ ತಪ್ಪು ಕಸ್ತೂರಿಗೂ ಹೊಳೆದದ್ದನ್ನು ಹೇಳಬೇಕಾಗುತ್ತಿತ್ತು. ಅವಳು ಹೇಳಲಿಲ್ಲ. ಆ ವಾರವೆಲ್ಲ ಅವಳಿಗೆ ಕಸ್ತೂರಿ ಮನೆಯಲ್ಲಿ ಫೋನಿನ ಮೇಲೆ ಬೆರಳಾಡಿಸಿದರೂ ತನ್ನ ಬೀಗವನ್ನೇ ಕೆರೆಯುತ್ತಿದ್ದಾಳೆ ಎನ್ನಿಸುತ್ತಿತ್ತು.

ಪರೀಕ್ಷೆಯ ದಿನ ಜಲಕೇಂದ್ರದ ನಿಯಂತ್ರಣ ಕೊಠಡಿ ತುಂಬಿತ್ತು. ಯಂತ್ರ ಇದ್ದದ್ದು ಊರಾಚೆಯ ಸಂಸ್ಥೆಯಲ್ಲಿ, ಮಂಜಿಗಿಂತ ಎಷ್ಟೋ ತಣ್ಣಗಿನ ಕೊಳಗದೊಳಗೆ. ಇಲ್ಲಿ ಕಾಣುತ್ತಿದ್ದುದು ಪರದೆಯ ಮೇಲಿನ ಏಳು ಕೆಂಪು ಚುಕ್ಕೆಗಳು ಮಾತ್ರ. ಕಸ್ತೂರಿ ಕಿವಿಗೆ ಫೋನು ಹಚ್ಚಿಕೊಂಡು ತನ್ನ ತಂಡಕ್ಕೆ, "ಮಷೀನು ಹಚ್ಚರಿ" ಎಂದಳು.

ಮೊದಲ ಚುಕ್ಕೆ ಚಹಾ ಬರುವುದರೊಳಗೆ ಹಸಿರಾಯಿತು. ಸಾವಕ್ಕನ ಗಂಡನ ಹೆಸರನ್ನು ಯಂತ್ರ ಸಾವಕ್ಕನಷ್ಟೇ ಸಲೀಸಾಗಿ ಹೇಳಿತ್ತು. ಎರಡನೆಯದು, ಮೂರನೆಯದು ಬಿದ್ದವು. ಊಟದ ಹೊತ್ತಿಗೆ ಆರೂ ಹಸಿರು. ಆ ಆರು ಹೆಂಗಸರು ಏನೋ ಕದ್ದು ಸಿಕ್ಕಿಬಿದ್ದವರಂತೆ ಗೋಡೆಗೆ ಒರಗಿ ನಿಂತಿದ್ದರು.

ಏಳನೆಯದು ಕೆಂಪಾಗಿಯೇ ಉಳಿಯಿತು. ಕಸ್ತೂರಿ ಮತ್ತೆ ಕೇರಿಸಿದಳು. ಹೆಸರಿನ ಜಾಗದಲ್ಲಿ ಚನ್ನವೀರ, ಚನ್ನವೀರಪ್ಪ, ಚನ್ನವೀರರಾಯ ಎಂದು ಹಾಕಿಸಿದಳು. ಅಡ್ಡಹೆಸರು ಹಾಕಿಸಿದಳು. ಮನೆದೇವರ ಹೆಸರನ್ನೂ ಬಿಡಲಿಲ್ಲ. ಸಂಜೆಯ ಬಿಸಿಲು ಕಿಟಕಿಯಿಂದ ಮೇಜಿನ ಮೇಲೆ ಬಂದಾಗ ಅವಳು ಫೋನು ಕೆಳಗಿಟ್ಟಳು.

"ಒಡಪಿನ ಎಲ್ಲಾ ಅಚ್ಚು ಹಾಕಿ ನೋಡೀನ್ರಿ ಸರ್," ಎಂದಳು. "ಅಕ್ಕಾರದು ಒಡಪು ಅಲ್ಲ ಅಂತ ಕಾಣತೈತಿ. ನಾ ಸೋತೆ."

'ಸೋತೆ' ಎಂಬ ಆ ಮಾತು ದಾಕ್ಷಾಯಣಿಯ ಕಿವಿಗೆ ಎಷ್ಟು ಸಿಹಿಯಾಗಿ ಬಿತ್ತೆಂದರೆ, ಅವಳು ಅದನ್ನು ಇನ್ನೊಮ್ಮೆ ಕೇಳಲು ಆಸೆಪಟ್ಟಳು.

ಇನಾಮದಾರರು ಕನ್ನಡಕ ತೆಗೆದು ಒರೆಸಿದರು. "ಮೇಡಂ, ಆರು ಕೀಲಿ ಹ್ವಾದ್ವು. ನಿಮ್ಮದೊಂದ ಉಳದೈತಿ. ಅದು ನಸೀಬಿನಿಂದ ಉಳೀತೋ, ಅದರಾಗ ಏನರ ಹುರುಳೈತೋ, ಅದು ತಿಳೀದ ಹೊರತು ನಾವು ಸಹಿ ಮಾಡಾಕ ಬರೂದಿಲ್ಲ. ಹೆಂಗೂ ನಾಳೆ ಎಲ್ಲಾ ನುಡೀನೂ ಬದಲಾಗತಾವ. ನಿಮ್ಮ ನುಡಿ ಹೇಳ್ರಿ, ಕೇಳೂಣು."

ದಾಕ್ಷಾಯಣಿಗೆ ಎರಡು ದಾರಿ ಇದ್ದವು. ನಸೀಬು ಎಂದು ಹೇಳಿ ಮಾನ ಉಳಿಸಿಕೊಂಡರೆ ಬೀಗ ಹೋಗುತ್ತಿತ್ತು. ನುಡಿ ಹೇಳಿದರೆ ಬೀಗ ಉಳಿಯುತ್ತಿತ್ತು, ಹೆಸರು ಬರುತ್ತಿತ್ತು; ಆದರೆ ಮೂರು ವರ್ಷದ ಹೊಟ್ಟೆಯೊಳಗಿನ ಕಿಚ್ಚನ್ನು ಇಷ್ಟು ಜನರ ಮುಂದೆ ಕಕ್ಕಬೇಕಿತ್ತು. ಒಂದು ಗಳಿಗೆ ಅವಳು ನಿಜವಾಗಿಯೂ ಯೋಚಿಸಿದಳು. ಆಮೇಲೆ ಕಸ್ತೂರಿಯ ಬಾಡಿದ ಮುಖ ನೋಡಿದಳು, ಅದು ಯಾವ ಕಾರಣಕ್ಕೂ ಮತ್ತೆ ಅರಳುವುದು ಬೇಡ ಎನ್ನಿಸಿತು.

"ಒಡಪೇ ಐತ್ರಿ," ಎಂದಳು. "ಹೆಸರು ಮಾತ್ರ ಗಂಡಂದಲ್ಲ."

ಎದ್ದು ನಿಂತು, ಸೆರಗು ಸರಿಮಾಡಿಕೊಂಡು, ಕೆನೆ ತಿಂದವಳ ಹೆಸರು ಸಹಿತ ಎರಡೂ ಸಾಲುಗಳನ್ನು ಹೇಳಿದಳು.

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಸಾವಕ್ಕ ನೆಲ ನೋಡಿದಳು. ಇನಾಮದಾರರು ಕೆಮ್ಮಿ, "ಹಾಂ... ಹೆಸರು ಅಚ್ಚಿನ ಹೊರಗಿಂದು. ಹುರುಳೈತಿ. ಬರಕೊಳ್ರಿ" ಎಂದು ಪಕ್ಕದವನಿಗೆ ಹೇಳಿದರು. ಸಮಿತಿ ಸಂಜೆಯೇ ಸಹಿ ಹಾಕಿತು. ಒಡಪು, ಹಾಡು, ಗಾದೆ, ಮನೆಮಂದಿಯ ಹೆಸರು, ಇವು ಯಾವುವೂ ಇರದ ನುಡಿಗಳನ್ನೇ ಇನ್ನು ಯಂತ್ರ ಒಪ್ಪಬೇಕು. ಉಳಿದಂತೆ ದಾಕ್ಷಾಯಣಿ ವಿಧಾನ ರಾಜ್ಯಕ್ಕೆಲ್ಲ ಬರಲಿ ಎಂದು ತೀರ್ಮಾನವಾಯಿತು.

ಕಾರಿಡಾರಿನಲ್ಲಿ ಕಸ್ತೂರಿ ಅವಳನ್ನು ನಿಲ್ಲಿಸಿದಳು. ಕಣ್ಣು ಕೆಂಪಾಗಿದ್ದವು.

"ದಿನಾ ಹೇಳ್ತಿದ್ರೇನ್ರಿ?"

"ದಿನಾ."

"ನಾ ನಿಮಗ ಏನ್ ಮಾಡೀನ್ರಿ ಅಕ್ಕಾರ?"

"ಏನೂ ಮಾಡಿಲ್ಲ," ಎಂದಳು ದಾಕ್ಷಾಯಣಿ. "ಏನೂ ಮಾಡ್ಲಾರ್ದ ಎಲ್ಲಾ ತಗೊಂಡಿ. ಅದ ನನಗ ತಡ್ಕೋಳಾಕ ಆಗಲಿಲ್ಲ."

ಆ ದಿನ ಮನೆಯಲ್ಲಿ ಕಸ್ತೂರಿ ತನ್ನ ಪಾಡಿಗೆ ತಾನು ಬಡಿಸಿಕೊಂಡು ಉಂಡಳು. ಏನಾಯಿತೆಂದು ನೀಲವ್ವ ಕೇಳಿದಾಗ, "ಅಕ್ಕಾರು ಗೆದ್ದ್ರು, ಅತ್ತಿ" ಎಂದಷ್ಟೇ ಹೇಳಿದಳು. ನೀಲವ್ವ ಹಿರಿಸೊಸೆಯ ತಟ್ಟೆಗೆ ಇನ್ನೊಂದು ಚಮಚ ತುಪ್ಪ ಹಾಕಿದಳು. ಇಪ್ಪತ್ತು ವರ್ಷದಿಂದ ದಾಕ್ಷಾಯಣಿ ಆ ತುಪ್ಪಕ್ಕಾಗಿ ಕಾದಿದ್ದಳು, ಈಗ ಅದನ್ನು ತಟ್ಟೆಯ ಅಂಚಿಗೆ ಸರಿಸಿ ಎದ್ದಳು.

ಮರುದಿನ ಹೊಸ ನುಡಿಗಳನ್ನು ಇಡಬೇಕಿತ್ತು. ಉಸ್ತುವಾರಿಗೆ ಸಮಿತಿ ಕಳಿಸಿದ್ದು ಕಸ್ತೂರಿಯನ್ನೇ. ಅವಳು ಹೊರಗೆ ಪರದೆಯ ಮುಂದೆ ಕೂತಿದ್ದಳು. ನಿಯಮ ಸರಳ: ನುಡಿಯನ್ನು ಒಂದಕ್ಷರ ತಪ್ಪದೆ ಮೂರು ಸಲ ಹೇಳಬೇಕು. ಸಾವಕ್ಕ ತನ್ನ ಅಂಗಳದಲ್ಲಿ ಕಳೆದುಹೋದ ಚಪ್ಪಲಿಯ ಕಥೆಯನ್ನು ಇಟ್ಟಳೋ ಏನೋ, ನಗುತ್ತ ಹೊರಬಂದಳು. ಉಳಿದವರೂ ಒಬ್ಬೊಬ್ಬರಾಗಿ ಮುಗಿಸಿದರು. ಪರದೆಯ ಮೇಲೆ ಆರು ಚುಕ್ಕೆ ಹಸಿರಾದವು.

ದಾಕ್ಷಾಯಣಿ ಒಳಗೆ ಹೋದಳು. ಗಂಡನೊಂದಿಗೆ ಕಂಡ ಸಮುದ್ರದ ಬಗ್ಗೆ ಹನ್ನೆರಡು ಪದ ಕಟ್ಟಿದಳು. ಎರಡನೆಯ ಸಲ ಹೇಳುವಾಗ ಅಲೆ ಮೊದಲೋ ಮರಳು ಮೊದಲೋ ಮರೆತುಹೋಯಿತು. ತನ್ನ ಮೊದಲ ಕೆಲಸದ ದಿನದ ಬಗ್ಗೆ ಕಟ್ಟಿದಳು. ಮೂರನೆಯ ಸಲ ತಪ್ಪಿತು. ತವರಿನ ಬಾವಿಯ ಬಗ್ಗೆ ಹೇಳಹೊರಟರೆ ಅದರ ಮೆಟ್ಟಿಲುಗಳೇ ನೆನಪಿಗೆ ಬರಲಿಲ್ಲ. ಪ್ರತಿ ಸಲವೂ ನಾಲಗೆ ತಾನಾಗಿ ಕಾಸಿದ ಹಾಲಿನ ಕಡೆಗೇ ಹೊರಳುತ್ತಿತ್ತು, ಕಸ್ತೂರಿ ಎಂಬಲ್ಲಿಗೆ ಬಂದ ಕೂಡಲೇ ಯಂತ್ರ 'ಒಪ್ಪಿಗೆ ಇಲ್ಲ' ಎಂದು ಕೆಂಪು ದೀಪ ತೋರಿಸುತ್ತಿತ್ತು. ಗಾಜಿನಾಚೆ ಹೆಂಗಸರು ಗಡಿಯಾರ ನೋಡುತ್ತಿದ್ದರು. ಮೇಜಿನ ಫೋನುಗಳು ಒಂದರ ಹಿಂದೆ ಒಂದು ಹೊಡೆದುಕೊಳ್ಳುತ್ತಿದ್ದವು.

ಕೊನೆಗೆ ಸ್ಪೀಕರಿನಲ್ಲಿ ಕಸ್ತೂರಿಯ ದನಿ ಬಂತು. "ಅಕ್ಕಾರ, ಆತೇನ್ರಿ? ಊರಾಗ ಹನಿ ನೀರಿಲ್ಲ. ಮಂದಿ ಬೈಯಾಕ ಹತ್ಯಾರ."

ದಾಕ್ಷಾಯಣಿ ಮಾತಾಡುವ ಗುಂಡಿ ಒತ್ತಿದಳು.

"ಇಲ್ಲವಾ ಕಸ್ತೂರಿ," ಎಂದಳು. "ನಿನ್ನ ಬಿಟ್ರ ನನಗ ಬ್ಯಾರೆ ಏನೂ ನೆನಪ ಉಳೀವಲ್ತು."